ಕೇನ್ಸನ ಲೆಕ್ಕಕ್ಕೆ ಸಿಗದ ಭಯ

ಜಾನ್ ಮೇನಾರ್ಡ್ ಕೇನ್ಸನ ‘ಶಾಂತಿಯ ಆರ್ಥಿಕ ಪರಿಣಾಮಗಳು’ ಎಂಬ ಇಂಗ್ಲಿಷ್ ಗ್ರಂಥವನ್ನು ನಾನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ. ಆಗ ಅದರ ಪ್ರತಿ ಮಾತಿಗೂ ತಲೆದೂಗಿದ್ದೆ. ಈಚೆಗೆ ಮತ್ತೆ ಕೈಗೆತ್ತಿಕೊಂಡಾಗ ಮೆಚ್ಚಿಕೆ ಕಡಮೆಯಾಗಲಿಲ್ಲ, ಒಪ್ಪಿಗೆ ಕಡಮೆಯಾಯಿತು.

ಮೊದಲನೆಯ ಮಹಾಯುದ್ಧದ ತರುವಾಯ 1919ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಂಧಾನಸಭೆಗೆ ಕೇನ್ಸನು ಬ್ರಿಟಿಷ್ ಖಜಾನೆಯ ಪ್ರತಿನಿಧಿಯಾಗಿ ಹೋಗಿದ್ದನು. (ಇಂಡಿಯಾ ಆಫೀಸಿನಲ್ಲಿ ಕೆಲಕಾಲ ದುಡಿದವನು, 1913ರಲ್ಲಿ ಬಂದ ಅವನ ಮೊದಲ ಪುಸ್ತಕ ನಮ್ಮ ರೂಪಾಯಿಯ ವಿಚಾರ.) ಕರಾರುಗಳನ್ನು ಕಂಡು ಮನಸ್ಸು ಮುರಿದು, ಜೂನ್ ತಿಂಗಳಲ್ಲಿ ಆ ಹುದ್ದೆ ಬಿಟ್ಟು ಬಂದು, ಡಿಸೆಂಬರಿನ ಹೊತ್ತಿಗೆ ಪುಸ್ತಕವನ್ನು ಹೊರಗೆ ತಂದನು. ಆ ಬಿಸಿ ಇನ್ನೂ ಆರಿಲ್ಲ.

ಗ್ರಂಥದ ಜೀವವಿರುವುದು ವ್ಯಕ್ತಿಚಿತ್ರಗಳಲ್ಲಿ. ಬೂದುಬಣ್ಣದ ಕೈಚೀಲ ಕಳಚದೆ, ಕಣ್ಣು ಮುಚ್ಚಿ ಕುಳಿತ ಫ್ರಾನ್ಸಿನ ಮುದುಕ ಕ್ಲೆಮಾನ್ಸೊ. ಉಪದೇಶವುಂಟು, ಯೋಜನೆಯಿಲ್ಲ ಎಂಬಂತಿರುವ ಅಮೆರಿಕೆಯ ಅಧ್ಯಕ್ಷ ವಿಲ್ಸನ್. ಬ್ರಿಟನ್ನಿನ ಲಾಯ್ಡ್ ಜಾರ್ಜನ ಚಿತ್ರವನ್ನೂ ಬರೆದಿದ್ದನಾದರೂ ಆಗ ಅಚ್ಚುಹಾಕಿಸುವ ಧೈರ್ಯವಾಗದೆ 1933ರಲ್ಲಿ ಪ್ರಕಟಿಸಿದನು. ಭಾರತಯುದ್ಧ ಮುಗಿದ ಮೇಲೆ ಧೃತರಾಷ್ಟ್ರನು ಭೀಮನನ್ನು ಅಪ್ಪಿಕೊಳ್ಳಲು ಕರೆದ ಸಂದರ್ಭ ಓದುಗರಿಗೆ ನೆನಪಿರಬಹುದು. ಅಲ್ಲಿ ಲೋಹದ ಭೀಮನನ್ನು ಮುಂದೊಡ್ಡುವುದಕ್ಕೆ ಕೃಷ್ಣನಿದ್ದ. ಪ್ಯಾರಿಸ್ಸಿನಲ್ಲಿ ಆ ಕೆಲಸಕ್ಕೆ ವಿಲ್ಸನ್ ಬಂದಿದ್ದಾನೆಂದು ಲೋಕ ನಂಬಿತ್ತು.

ಇನ್ನು ಲೆಕ್ಕ. ಜರ್ಮನಿ ಕೊಡಬಲ್ಲ ಯುದ್ಧಪರಿಹಾರ ಹೆಚ್ಚೆಂದರೆ 200 ಕೋಟಿ ಪೌಂಡು ಎಂದು ಕೇನ್ಸನ ಅಂದಾಜು. 1921ರಲ್ಲಿ ಗೊತ್ತುಮಾಡಿದ ಮೊತ್ತ 13,200 ಕೋಟಿ ಚಿನ್ನದ ಮಾರ್ಕು, ಎಂದರೆ ಸುಮಾರು 660 ಕೋಟಿ ಪೌಂಡು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದರಲ್ಲಿ ನಿಜವಾಗಿ ವಸೂಲಿಗೆಂದು ಇಟ್ಟದ್ದು 5,000 ಕೋಟಿ ಮಾರ್ಕು, ಸುಮಾರು 250 ಕೋಟಿ ಪೌಂಡು ಮಾತ್ರ. ಉಳಿದದ್ದು ಗೆದ್ದ ದೇಶಗಳ ಮತದಾರರ ಸಮಾಧಾನಕ್ಕೆ ಬರೆದ ಅಂಕಿ. ಸಂಧಾನಕ್ಕೆ ಕೂತವನಿಗೆ ಎದುರಿನವನಿಗಿಂತ ಬೆನ್ನ ಹಿಂದೆ ನಿಂತ ತನ್ನವರ ಕಾಟವೇ ಹೆಚ್ಚು. ಕೇನ್ಸನಿಗೆ ಇದು ತಿಳಿದಿತ್ತು. ಬ್ರಿಟನ್ನಿನ 1918ರ ಚುನಾವಣೆಯ ಮೇಲೆ ಅವನು ಸುರಿದಿರುವ ವ್ಯಂಗ್ಯವೇ ಸಾಕ್ಷಿ.

ನನ್ನ ತಕರಾರು ಬೇರೆ. ಮುಂದಿನ ಅಪಾಯವಿರುವುದು ಗಡಿಗಳಲ್ಲಲ್ಲ. ಆಹಾರ, ಕಲ್ಲಿದ್ದಲು, ಸಾಗಾಣಿಕೆಗಳಲ್ಲಿ ಎನ್ನುತ್ತಾನೆ ಕೇನ್ಸ್. ಕಡಲು ಕಾಯುವ ದ್ವೀಪದಲ್ಲಿ ಹುಟ್ಟಿದವನಿಗೆ ಈ ಮಾತು ಸುಲಭ. ನಾಲ್ಕು ಕೋಟಿ ಮುಟ್ಟದ ಫ್ರಾನ್ಸ್, ಆರು ಕೋಟಿ ಮೀರಿದ ಜರ್ಮನಿಯ ಪಕ್ಕದಲ್ಲಿ ಮಲಗಬೇಕಾಗಿತ್ತು. 1870ರಲ್ಲಿ ಒಮ್ಮೆ, 1914ರಲ್ಲಿ ಇನ್ನೊಮ್ಮೆ ದಂಡು ಬಂದುಹೋಗಿತ್ತು. ಮೊದಲ ಸಲ ಪ್ಯಾರಿಸ್ಸಿಗೆ ಮುತ್ತಿಗೆ ಬಿದ್ದಾಗ ಈ ಕ್ಲೆಮಾನ್ಸೊ ಮೊಂಮಾರ್ತ್ರದ ಮೇಯರಾಗಿದ್ದವನು. ರೈನ್ ನದಿಯ ಎಡದಂಡೆಯನ್ನು ಜರ್ಮನಿಯಿಂದ ಬೇರ್ಪಡಿಸಬೇಕೆಂಬ ಹಟವನ್ನು ಅವನು ಬಿಟ್ಟದ್ದು, ಕೆಲವರ್ಷ ಅಲ್ಲಿ ಸೈನ್ಯವಿರಿಸುವುದರ ಜೊತೆಗೆ ಒಂದು ಭರವಸೆಯ ಮೇಲೆ: ಜರ್ಮನಿ ಮೇಲೆ ಬಿದ್ದರೆ ಬ್ರಿಟನ್ನೂ ಅಮೆರಿಕೆಯೂ ನೆರವಿಗೆ ಬರುತ್ತವೆ. ಅಮೆರಿಕೆಯ ಸೆನೆಟ್ ವರ್ಸೈ ಸಂಧಿಯನ್ನೇ ಒಪ್ಪಲಿಲ್ಲ. ಈ ಭರವಸೆಯ ಕರಾರು ಮತಕ್ಕೇ ಬರಲಿಲ್ಲ. ಬ್ರಿಟನ್ನಿನ ಮಾತು ಅಮೆರಿಕೆಯ ಮಾತಿಗೆ ಗಂಟುಬಿದ್ದಿದ್ದರಿಂದ ಅದೂ ಬಿದ್ದುಹೋಯಿತು. ಭದ್ರತೆ ಹೋಗಿ ಫ್ರಾನ್ಸಿನ ಕೈಯಲ್ಲಿ ಉಳಿದದ್ದು ಸಾಲದ ಪತ್ರ. ಕಂಬ, ಕಲ್ಲಿದ್ದಲು ಬಾಕಿ ಬಿದ್ದವೆಂದು 1923ರ ಜನವರಿಯಲ್ಲಿ ಫ್ರಾನ್ಸ್, ಬೆಲ್ಜಿಯಂಗಳ ಸೈನ್ಯ ರೂರ್ ಪ್ರದೇಶಕ್ಕೆ ನುಗ್ಗಿತು.

ಸೆನೆಟ್ಟಿನ ನಡವಳಿಕೆಯ ಕೊನೆ ಪುಸ್ತಕ ಬರೆಯುವಾಗ ಕೇನ್ಸನಿಗೆ ತಿಳಿದಿರಲಾರದು, ನಿಜ. ಆದರೆ ಕ್ಲೆಮಾನ್ಸೊನ ಕೈಚೀಲವನ್ನು ಅಷ್ಟು ಚೆನ್ನಾಗಿ ಕಂಡವನು ಅವನ ಭಯವನ್ನು ಹಳೆಯ ಕಾಲದವನ ಹಟವೆಂದಷ್ಟೇ ಕಂಡನು. ವರ್ಣನೆಗೆ ಕೂಡುವ ಮನುಷ್ಯ ವಿಚಾರಕ್ಕೂ ಕೂಡಬೇಕಾಗಿತ್ತು.

ಎತಿಯೆನ್ ಮಾಂತೂ ಎಂಬ ಫ್ರೆಂಚ್ ತರುಣ ಇದಕ್ಕೆ ಪ್ರತ್ಯುತ್ತರವಾಗಿ ಒಂದು ಗ್ರಂಥವನ್ನೇ ಬರೆದನು. ಅವನ ತಂದೆ ಅದೇ ಪ್ಯಾರಿಸ್ ಸಭೆಯಲ್ಲಿ ನಾಯಕರ ನಡುವೆ ದುಭಾಷಿಯಾಗಿದ್ದವನು. ಕೇನ್ಸನ ಪುಸ್ತಕವೇ ಇಂಗ್ಲೆಂಡ್, ಅಮೆರಿಕೆಗಳ ಮನಸ್ಸನ್ನು ಕೆಡಿಸಿತೆಂಬ ಅವನ ಆಪಾದನೆ ನನಗೆ ಅತಿಯೆನಿಸುತ್ತದೆ. ಒಂದು ಪುಸ್ತಕಕ್ಕೆ ಅಷ್ಟು ತೂಕ ಹೊರಿಸಬಾರದು. ಗದ್ಯವೂ ಕೇನ್ಸನದರಷ್ಟು ಬೆಡಗಿನದಲ್ಲ. ಆದರೆ ಕೇನ್ಸ್ ಬಿಟ್ಟ ಪ್ರಶ್ನೆ ಅಲ್ಲಿದೆ. ಮಾಂತೂ ಎರಡನೆಯ ಮಹಾಯುದ್ಧ ಮುಗಿಯುವ ಕೆಲವೇ ದಿನ ಮುಂಚೆ, 1945ರ ಏಪ್ರಿಲಿನಲ್ಲಿ, ರಣದಲ್ಲಿ ಮಡಿದನು. ಅವನ ಪುಸ್ತಕ ಅಚ್ಚಾದದ್ದು ಮಾರನೆಯ ವರ್ಷ.