‘ಶರಪಂಜರ’ – ಮತ್ತೊಂದು ಓದು

ತ್ರಿವೇಣಿಯವರ ‘ಶರಪಂಜರ’ವನ್ನು ಇಪ್ಪತ್ತು ವರ್ಷಗಳ ನಂತರ ಮತ್ತೊಮ್ಮೆ ಓದಿದೆ. ಕಾಲೇಜಿನ ದಿನಗಳಲ್ಲಿ ಅದು ನನಗೆ ಹುಚ್ಚಿನ ಕಥೆಯಾಗಿ ಕಂಡಿತ್ತು. ಈ ಸಲ ನಂಬಿಕೆಯ ಕಥೆಯಾಗಿ ಕಂಡಿತು. ಚೆಂಬೂರಿನಲ್ಲಿ ನಮ್ಮ ನೆರೆಯಲ್ಲಿ ನಡೆದ ಒಂದು ಸಂಗತಿಯೇ ಇದಕ್ಕೆ ಕಾರಣ. ಅದನ್ನು ಮೊದಲು ಹೇಳಬೇಕು.

ಈ ಮಹಾನಗರದಲ್ಲಿ ಬಾಣಂತನಕ್ಕೆಂದು ಊರಿನಿಂದ ಬಂದ ತಾಯಿಯೋ ಅತ್ತೆಯೋ ಮೂರು ತಿಂಗಳಿಗೆ ಹಿಂದಿರುಗುತ್ತಾರೆ. ಗಂಡ ಬೆಳಿಗ್ಗೆ ಲೋಕಲ್ ಹಿಡಿದರೆ ಮತ್ತೆ ಮುಖ ಕಾಣುವುದು ರಾತ್ರಿಗೆ. ಉಳಿದವಳು ಒಬ್ಬಳೇ, ಕೈಯಲ್ಲಿ ಹಸುಗೂಸು. ಅಂಥವರಿಗೆಂದೇ ಎಳೆಮಕ್ಕಳ ತಾಯಂದಿರ ವಾಟ್ಸಾಪ್ ಬಳಗಗಳಿವೆ. ಲಸಿಕೆ ಯಾವಾಗ, ಯಾವ ಡಾಕ್ಟರು ವಾಸಿ, ಮಗು ರಾತ್ರಿಯೆಲ್ಲ ಅತ್ತರೆ ಏನು ಮಾಡಬೇಕು – ಹಿಂದೆ ಅಜ್ಜಿಯನ್ನು ಕೇಳುತ್ತಿದ್ದುದನ್ನು ಈಗ ಅಲ್ಲಿ ಕೇಳುತ್ತಾರೆ. ಅದರಿಂದ ಉಪಕಾರವಾದವರು ಬಹಳ ಮಂದಿ.

ಇಂಥ ಬಳಗದಲ್ಲಿ ಒಬ್ಬ ತಾಯಿ ಒಂದು ರಾತ್ರಿ ತಮ್ಮ ಮನಸ್ಸಿನ ಸ್ಥಿತಿಯನ್ನು ನಾಲ್ಕು ಸಾಲುಗಳಲ್ಲಿ ಬರೆದರು. ಬರೆದದ್ದು ತನ್ನಂಥ ತಾಯಂದಿರಿಗೆ. ಮರುದಿನ ಆ ಸಾಲುಗಳ ಚಿತ್ರ ಅವರ ಅತ್ತೆಯ ಕೈಯಲ್ಲಿತ್ತು. ಮೂರನೆಯ ದಿನ ನನ್ನ ಫೋನಿಗೂ ಬಂತು. ನಾನು ಓದಿದೆ, ನನ್ನಾಕೆಗೂ ತೋರಿಸಿದೆ. ಇಬ್ಬರೂ ‘ಪಾಪ’ ಎಂದೆವು. ಆ ತಾಯಿ ಬಳಗ ಬಿಟ್ಟರು. ಈಗ ಎದುರು ಸಿಕ್ಕರೆ ತಲೆ ತಗ್ಗಿಸಿ ನಡೆಯುತ್ತಾರೆ.

ಇನ್ನು ಕಾದಂಬರಿಗೆ ಬರೋಣ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ವೈದ್ಯರ ದೃಷ್ಟಿಯಲ್ಲಿ ಕಾಯಿಲೆ ಮುಗಿದಿದೆ, ಮನೆಯವರ ದೃಷ್ಟಿಯಲ್ಲಿ ಮುಗಿದಿಲ್ಲ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ಗಂಡನ ಮನಸ್ಸು ಬೇರೆಡೆಗೆ ತಿರುಗಿದೆ. ಕೊನೆಗೆ ಗುಣವಾದವಳು ಮತ್ತೆ ಕುಸಿಯುತ್ತಾಳೆ. ಅವಳನ್ನು ಎರಡನೆಯ ಸಲ ಕೆಡವಿದ್ದು ರೋಗವಲ್ಲ, ಸುತ್ತಲಿನವರು. ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯ ಈ ಕುಸಿತವನ್ನು ಕನ್ನಡಿಗರ ಕಣ್ಣಿನಲ್ಲಿ ಶಾಶ್ವತವಾಗಿ ನಿಲ್ಲಿಸಿತು.

ಕಾವೇರಿಯನ್ನು ಸುತ್ತುವ ಬಾಣಗಳೆಂದರೆ ನೋಟಗಳು, ಪಿಸುಮಾತುಗಳು. ಯಾವ ಒಂದು ಬಾಣವೂ ಕೊಲ್ಲುವಷ್ಟು ದೊಡ್ಡದಲ್ಲ. ಆದರೆ ಅವೆಲ್ಲ ಕೂಡಿದಾಗ ಪಂಜರವಾಗುತ್ತದೆ. ಹೆಸರಿನಲ್ಲಿಯೇ ಲೇಖಕಿ ತಮ್ಮ ನಿರ್ಣಯವನ್ನು ಹೇಳಿಬಿಟ್ಟಿದ್ದಾರೆ. ಮನಃಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಬರೆಯುತ್ತಿದ್ದ ಕಾಲಕ್ಕೆ ಬಾಣಂತಿಯ ಮನೋವ್ಯಥೆಯನ್ನು ಕಾಯಿಲೆಯೆಂದು ಒಪ್ಪುವವರೇ ಕಡಿಮೆ. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುವ ವಿಭಾಗವಿದೆ. ವೈದ್ಯಕೀಯ ಮುಂದುವರಿದಿದೆ. ನೆರೆಹೊರೆ ಮುಂದುವರಿದಿದೆಯೆ?

ಕಾನೂನು ಸುಮ್ಮನಿಲ್ಲವೆಂಬುದು ನಿಜ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಅಭಿಮಾನದ ವಿಷಯ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಗುಟ್ಟನ್ನು ಕಾಯುವ ಹೊಣೆಯನ್ನು ವೈದ್ಯರ ಮೇಲೆ ಹೊರಿಸಿದೆ. 2023ರ ದತ್ತಾಂಶ ರಕ್ಷಣೆಯ ಕಾಯಿದೆ, ಹದಿನೆಂಟು ತುಂಬದ ಮಕ್ಕಳ ವಿವರ ಬಳಸುವ ಮುನ್ನ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉಪಯೋಗಕ್ಕೆ ಮಾಡುವ ವ್ಯವಹಾರ ಅದರ ಹೊರಗೆ. ಸರ್ಕಾರವನ್ನೂ ಕಂಪನಿಯನ್ನೂ ಪ್ರಶ್ನಿಸಬಹುದು. ಪಕ್ಕದ ಮನೆಯವರನ್ನು ಪ್ರಶ್ನಿಸುವುದು ಹೇಗೆ?

ಯಂತ್ರದ ರಕ್ಷಣೆಯೂ ಅಷ್ಟೆ. ವಾಟ್ಸಾಪಿನ ಸಂದೇಶಕ್ಕೆ ಕಳಿಸುವವರಿಂದ ಪಡೆಯುವವರ ತನಕ ಬೀಗವಿರುತ್ತದೆ, ನಡುದಾರಿಯಲ್ಲಿ ಯಾರೂ ಓದಲಾರರು. ಆದರೆ ಪಡೆದವರೆಲ್ಲರ ಕೈಯಲ್ಲಿಯೂ ಬೀಗದ ಕೈ ಇದೆ. ಒಂದು ಬಳಗದಲ್ಲಿ ಸಾವಿರ ಜನರ ತನಕ ಇರಬಹುದು. ಅವರಲ್ಲಿ ಒಬ್ಬರು ಪರದೆಯ ಚಿತ್ರ ತೆಗೆದರೆ ಸಾಕು. ಇಪ್ಪತ್ತು ವರ್ಷಗಳಿಂದ ಕಚೇರಿಯಲ್ಲಿ ‘ಗೋಪ್ಯ’ ಎಂದು ಬರೆದ ಕಡತಗಳನ್ನು ಮೇಜಿನಿಂದ ಮೇಜಿಗೆ ದಾಟಿಸಿದವನು ನಾನು. ಒಂದು ಹಾಳೆಯನ್ನೂ ಹೊರಗೆ ಆಡಿದವನಲ್ಲ. ಅಲ್ಲಿ ನಿಯಮವಿದೆ, ಶಿಕ್ಷೆಯ ಭಯವಿದೆ. ಭಯವಿಲ್ಲದ ಕಡೆ ನನ್ನ ನಡತೆ ಎಂಥದೆಂಬುದು ಆ ಮೂರನೆಯ ದಿನ ಗೊತ್ತಾಯಿತು.

‘ಶರಪಂಜರ’ದಲ್ಲಿ ನನಗೆ ಕಂಡ ಕೊರತೆಯೂ ಇಲ್ಲಿಯೇ ಇದೆ. ಕಾವೇರಿಯ ಒಳಗನ್ನು ಎಳೆ ಎಳೆಯಾಗಿ ಬಿಡಿಸುವ ಲೇಖಕಿ, ಅವಳ ಸುತ್ತಲಿನವರ ಒಳಗನ್ನು ಅಷ್ಟು ಬಿಡಿಸುವುದಿಲ್ಲ. ಓದುಗನಿಗೆ ಕಾವೇರಿಯ ಪಕ್ಕ ನಿಂತು ಉಳಿದವರ ಮೇಲೆ ಸಿಟ್ಟಾಗುವುದು ಸುಲಭವಾಗುತ್ತದೆ. ವಾಸ್ತವದಲ್ಲಿ ಬಾಣ ಬಿಡುವವರು ಕೆಟ್ಟವರಾಗಿರುವುದಿಲ್ಲ. ‘ಮನೆಯವರಿಗೆ ತಿಳಿದರೆ ಒಳ್ಳೆಯದಲ್ಲವೆ’ ಎಂದು ಅತ್ತೆಗೆ ತಲುಪಿಸಿದವರು ಒಳ್ಳೆಯದನ್ನೇ ಬಯಸಿರಬಹುದು. ನಾನು ‘ಪಾಪ’ ಎಂದದ್ದೂ ಮನಸಾರೆಯೇ. ಕನಿಕರವೂ ಬಾಣವಾಗಬಲ್ಲದೆಂಬುದನ್ನು ಕಾದಂಬರಿ ಇನ್ನಷ್ಟು ಬಿಡಿಸಿ ತೋರಿಸಿದ್ದರೆ ನಮ್ಮಂಥವರು ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಆದರೂ ಇದು ಮತ್ತೆ ಓದಬೇಕಾದ ಕೃತಿ. ಒಬ್ಬಳು ನೊಂದು ಆಡಿದ ಮಾತು ಕೇಳಿದವರ ಸೊತ್ತಲ್ಲ, ಅವರಲ್ಲಿ ಇಟ್ಟ ಇಡುಗಂಟು. ಈ ತಿಳಿವಳಿಕೆ ನಮ್ಮಲ್ಲಿ ಇಲ್ಲವಾದರೆ ಮುಂದಿನ ತಾಯಿ ಬಾಯಿಯನ್ನೇ ಬಿಡುವುದಿಲ್ಲ. ನೆರವು ಬೇಕಾದ ರಾತ್ರಿ ಅವಳು ಸುಮ್ಮನಿದ್ದುಬಿಟ್ಟರೆ ಆಗುವ ಹಾನಿ ತಾಯಿಗೂ ಹೌದು, ಮಗುವಿಗೂ ಹೌದು.

ಈ ಲೇಖನ ಬರೆಯುವ ಮೊದಲು ನನ್ನಾಕೆ ಆ ತಾಯಿಯ ಮನೆಗೆ ಹೋಗಿ, ತಪ್ಪೊಪ್ಪಿಕೊಂಡು, ಅನುಮತಿ ಕೇಳಿ ಬಂದಳು. ‘ಬರೆಯಲಿ, ಆದರೆ ನಾನು ಬರೆದ ಸಾಲುಗಳನ್ನು ಹಾಕುವುದು ಬೇಡ’ ಎಂದರಂತೆ. ಆ ಸಾಲುಗಳು ಇಲ್ಲಿಲ್ಲ. ನನ್ನ ಫೋನಿನಲ್ಲಿಯೂ ಈಗ ಇಲ್ಲ. ಓದಿದ ನೆನಪನ್ನು ಮಾತ್ರ ಅಳಿಸಲಾಗದು. ಅದನ್ನು ಕಾಯುವುದಷ್ಟೇ ನನ್ನ ಪಾಲಿಗೆ ಉಳಿದ ಕೆಲಸ.