ಮಗನ ಮುಖ

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ನಾನೂ ಮೇಣದಬತ್ತಿ ಹಚ್ಚಿದ್ದೇನೆ, ಕ್ರೈಸ್ತಳಲ್ಲದಿದ್ದರೂ. ಸೀರೆ ಉಟ್ಟು ನಿಂತ ಮಾತೆಯ ಮುಂದೆ ನಮ್ಮಂಥವರು ಬೇಡುವುದೆಲ್ಲ ಈ ಲೋಕದ್ದೇ: ಮಗುವಿನ ಜ್ವರ, ಗಂಡನ ಕೆಲಸ, ಪರೀಕ್ಷೆ. ಒಮ್ಮೆ ಹಲಸೂರಿನ ನಮ್ಮ ನೆರೆಮನೆಯ ಅಜ್ಜಿಯನ್ನು, "ನೀವೇನು ಕೇಳಿದಿರಿ?" ಎಂದೆ.

"ಕೇಳೋಕೇನೂ ಇಲ್ಲಮ್ಮ. ನನ್ನ ಮಗನ್ನ ನೋಡಬೇಕು, ಅಷ್ಟೆ."

ಮಗ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಕ್ರೈಸ್ತರ ಈ ಹಂಬಲವನ್ನು ನಮ್ಮಲ್ಲಿ ಬರೆಯುವವರು ಸಲೀಸಾಗಿ 'ಮೋಕ್ಷ' ಎಂದುಬಿಡುತ್ತಾರೆ. ನನಗದು ಸೋಮಾರಿತನವೆನಿಸುತ್ತದೆ. ಅದ್ವೈತಿಗಳ ಮೋಕ್ಷದಲ್ಲಿ ಹೆಸರು, ರೂಪ ಎರಡೂ ಕರಗುತ್ತವೆ. ಅಜ್ಜಿಗೆ ಬೇಕಾದದ್ದು ಆ ಹೆಸರು, ಆ ರೂಪವೇ. ಪುನರ್ಜನ್ಮವೂ ಸಾಲದು. ಅವನು ಇನ್ನೊಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೆ ಈಕೆಗೇನು ಬಂತು? ಅವರ ವಿಶ್ವಾಸದ ಮಾತು ಬೇರೆ: ಶರೀರದ ಪುನರುತ್ಥಾನ. ಸತ್ತವರು ದೇಹಸಹಿತ ಏಳುತ್ತಾರೆ, ಅವರಾಗಿಯೇ. 'ಪುನರುತ್ಥಾನ' ನಾಲಿಗೆಗೆ ಭಾರವಾದ ಪದ, ನಿಜ. ಅದರ ಅರ್ಥ ನನಗೆ ತಿಳಿದದ್ದು ಅಜ್ಜಿಯ 'ನೋಡಬೇಕು' ಎಂಬುದರಿಂದ. ನಂಬಲು ನನ್ನಿಂದಾಗಿಲ್ಲ. ಆದರೆ ನನ್ನ ಅಮ್ಮ ಹೋದ ಮೇಲೆ, ಅವಳಿಗೆ ಮುಕ್ತಿ ಸಿಕ್ಕಿತೆಂದು ಬಂದವರೆಲ್ಲ ಹೇಳುವಾಗ, ಆ ಮಾತೇ ನೆನಪಾಗುತ್ತಿತ್ತು.

ನವೆಂಬರ್ 2ರಂದು, ಮೃತರ ದಿನ, ಅಜ್ಜಿ ಕಲ್ಪಳ್ಳಿಯ ಸಮಾಧಿಗೆ ಸೇವಂತಿಗೆ ಒಯ್ಯುತ್ತಿದ್ದರು. ಕಲ್ಲು ತೊಳೆದು, ಪಕ್ಕದಲ್ಲಿ ಕೂತು, ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು.