ಮಿದುಳು, ಆತ್ಮ ಮತ್ತು ಕುಲೆ: ಕಾರಂತರ ಎರಡು ಕಾದಂಬರಿಗಳಲ್ಲಿ ಪ್ರಜ್ಞೆಯ ನೆಲೆ

ಶಿವರಾಮ ಕಾರಂತರು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ನೆಲೆಸಿದ್ದ ಕಾಲದಲ್ಲಿ ಪ್ರಕಟವಾದ ‘ಅಳಿದ ಮೇಲೆ’ (1960) ಮತ್ತು ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಗಳು ಒಂದು ಹಳೆಯ ಪ್ರಶ್ನೆಯನ್ನು ಕನ್ನಡ ವಿಮರ್ಶೆಯ ಮುಂದಿಟ್ಟಿವೆ. ಪ್ರಜ್ಞೆ ಎಂಬುದು ಮಿದುಳಿನ ವ್ಯಾಪಾರವೇ, ಅಥವಾ ದೇಹವನ್ನು ತೊರೆದೂ ಉಳಿಯಬಲ್ಲ ಆತ್ಮದ ಗುಣವೇ? ಎರಡನೆಯ ಕಾದಂಬರಿಗೆ 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ಅದಕ್ಕೆ ತುಸು ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದ್ದರು. ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದ ಲೇಖಕರು, ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದೊಡನೆ ಅದರ ಗತಕಾಲವನ್ನು ಕಾಣುವ ಅಜ್ಜಿಯನ್ನು ಸೃಷ್ಟಿಸಿದ್ದು ವಿಚಾರವಾದಿ ಓದುಗರಿಗೆ ಇಕ್ಕಟ್ಟನ್ನು ತಂದದ್ದು ಸಹಜ.

ಈ ಇಕ್ಕಟ್ಟಿನಿಂದ ಪಾರಾಗಲು ಎರಡು ಸುಲಭದ ಹಾದಿಗಳಿವೆ. ಅಜ್ಜಿಯ ದರ್ಶನವನ್ನು ಆತ್ಮಶಕ್ತಿಯ ಸಾಕ್ಷ್ಯವೆಂದು ಓದುವುದು ಒಂದು; ಅದು ಕೇವಲ ಕಥನತಂತ್ರವೆಂದು ತಳ್ಳಿಹಾಕುವುದು ಇನ್ನೊಂದು. ಎರಡೂ ಕಾದಂಬರಿಯ ಒಂದು ಮುಖ್ಯ ವಿವರವನ್ನು ಕಡೆಗಣಿಸುತ್ತವೆ. ಅಜ್ಜಿ ಧ್ಯಾನದಿಂದಲೋ ವ್ರತದಿಂದಲೋ ಕಾಣುವವಳಲ್ಲ. ಮೊಮ್ಮಗ ಸುಬ್ಬರಾಯ ತಂದ ವಸ್ತು ಅವಳ ಕೈಗೆ ಬೀಳಬೇಕು. ಸ್ಪರ್ಶವಿಲ್ಲದೆ ದರ್ಶನವಿಲ್ಲ. ಕಂಡದ್ದಕ್ಕೂ ಅವಳ ಬದುಕಿನದೇ ಬಣ್ಣವಿದೆ. ಬಾಲ್ಯದಲ್ಲೇ ವಿಧವೆಯಾಗಿ, ಬಹುಕಾಲ ಮೌನದಲ್ಲಿ ಬಾಳಿದ ಹೆಣ್ಣು ಅವಳು. ದೇವರುಗಳು ಹುಟ್ಟಿ ಮರೆಯಾದುದನ್ನು ಹೇಳುವಾಗಲೂ ಅವಳ ಗಮನ ಗಂಡುಹೆಣ್ಣಿನ ಕೂಟದತ್ತ, ಸೃಷ್ಟಿಯತ್ತ, ತನಗೆ ನಿರಾಕರಿಸಲ್ಪಟ್ಟ ಸಹಜ ಬಾಳಿನತ್ತಲೇ ಸರಿಯುತ್ತದೆ. ದೇಹಾತೀತವಾದ ಆತ್ಮಕ್ಕೆ ಇಂತಹ ಪಕ್ಷಪಾತ ಏಕಿರಬೇಕು?

ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಅವರ ಅನುಭವ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅಪಸ್ಮಾರದ ಚಿಕಿತ್ಸೆಗಾಗಿ, ಎಚ್ಚರವಿದ್ದ ರೋಗಿಗಳ ಮಿದುಳಿನ ಕಪೋಲಭಾಗವನ್ನು ಅವರು ಸೂಕ್ಷ್ಮ ವಿದ್ಯುತ್ತಿನಿಂದ ಮುಟ್ಟಿದಾಗ ಕೆಲವರು ಹಿಂದೆಂದೋ ಕೇಳಿದ ಹಾಡನ್ನು ಕೇಳಿದರು, ಕಳೆದುಹೋದ ದೃಶ್ಯವನ್ನು ಕಂಡರು. ಆದರೂ ತಾವು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದೇವೆಂಬ ಅರಿವು ಅವರಿಗೆ ತಪ್ಪಲಿಲ್ಲ. ಮಿದುಳೇ ಮೂಲವೆನ್ನುವವರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಪೆನ್‌ಫೀಲ್ಡರಾದರೋ ಅದೇ ಇಬ್ಬಗೆಯ ಅರಿವಿನ ಆಧಾರದಿಂದ, 1975ರ ತಮ್ಮ ಗ್ರಂಥದಲ್ಲಿ, ಮನಸ್ಸು ಮಿದುಳಿಗಿಂತ ಬೇರೆಯಾಗಿರಬಹುದೆಂಬ ನಿಲುವಿಗೆ ವಾಲಿದರು. ಮುಂದೆ, ಪ್ರಜ್ಞೆಯ ನರಮೂಲ ಇಪ್ಪತ್ತೈದು ವರ್ಷಗಳಲ್ಲಿ ಸ್ಪಷ್ಟವಾಗುವುದೆಂದು ಕ್ರಿಸ್ಟಾಫ್ ಕಾಖ್ ಅವರು ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಅವರೊಡನೆ 1998ರಲ್ಲಿ ಕಟ್ಟಿದ ಪಂದ್ಯವನ್ನು 2023ರಲ್ಲಿ ಸೋತುದಾಗಿ ಒಪ್ಪಿಕೊಂಡರು. ಪ್ರಶ್ನೆ ತೆರೆದೇ ಇದೆ. ಮೂಕಜ್ಜಿಯ ಮಟ್ಟಿಗೆ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆಂಬುದನ್ನೂ ಹೇಳಬೇಕು. ಪೆನ್‌ಫೀಲ್ಡರ ರೋಗಿಗಳು ಕಂಡದ್ದು ತಮ್ಮ ಬಾಳಿನ ನೆನಪನ್ನು. ಅಜ್ಜಿ ಕಾಣುವುದು ತಾನು ಹುಟ್ಟುವ ಮೊದಲಿನದನ್ನು. ಈ ಅಂತರವನ್ನು ಕಾರಂತರು ಎಲ್ಲಿಯೂ ತುಂಬುವುದಿಲ್ಲ.

ಇಷ್ಟಕ್ಕೂ ‘ಮಿದುಳೋ ಆತ್ಮವೋ’ ಎಂಬ ಆಯ್ಕೆಯಲ್ಲಿ ‘ಆತ್ಮ’ ಎಂದರೆ ಯಾವುದು? ಇಂದು ಕಡಬ ತಾಲ್ಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಮಠ, ಮಧ್ವಾಚಾರ್ಯರ ಸೋದರ ವಿಷ್ಣುತೀರ್ಥರ ಪರಂಪರೆಯದು. ದ್ವೈತ ಸಿದ್ಧಾಂತದಲ್ಲಿ ಮನಸ್ಸು ಜಡವಾದ ಕರಣ; ಅರಿವು ಜೀವದ ಸ್ವರೂಪವಾದ ‘ಸಾಕ್ಷಿ’ಗೆ ಸೇರಿದ್ದು. ಮಿದುಳು ಕೆಟ್ಟಾಗ ಮನಸ್ಸು ಕೆಡುತ್ತದೆಂಬ ಆಕ್ಷೇಪ ಆ ಸಿದ್ಧಾಂತವನ್ನು ಅಲುಗಿಸದು. ಆದರೆ ಸುತ್ತಲಿನ ಮನೆಗಳಲ್ಲಿ ನಡೆಯುವ ಆಚರಣೆಯ ‘ಕುಲೆ’ ಈ ಸಾಕ್ಷಿಯಲ್ಲ. ಆಟಿ ತಿಂಗಳಲ್ಲಿ ಕುಲೆಗೆ ಬಡಿಸುತ್ತಾರೆ. ಸುಳ್ಯದ ಅರೆಭಾಷೆ ಗೌಡರ ಮನೆಗಳಲ್ಲಿ ಗುರುಕಾರ್ಣೋರಿಗೆ ಎಡೆಯಿಡುತ್ತಾರೆ. ಸತ್ತವರಿಗೆ ಹಸಿವಿದೆ, ಮುನಿಸಿದೆ, ಅಷ್ಟೇ ಅಲ್ಲ, ವಯಸ್ಸೂ ಇದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ, ಅಷ್ಟೇ ಕಾಲದ ಹಿಂದೆ ತೀರಿಕೊಂಡ ವರ ಬೇಕೆಂದು ಪುತ್ತೂರಿನ ಕುಟುಂಬವೊಂದು ಪತ್ರಿಕೆಯಲ್ಲಿ ನೀಡಿದ ಜಾಹೀರಾತು 2024ರ ಮೇ ತಿಂಗಳಲ್ಲಿ ದೇಶದ ಗಮನ ಸೆಳೆಯಿತು. ಹೊರಗಿನವರು ನಕ್ಕರು. ಆದರೆ ಆ ನಂಬಿಕೆಯ ಒಳತರ್ಕ ಗಂಭೀರವಾದುದು: ಮಗು ಅಲ್ಲಿಯೂ ಬೆಳೆದು ಮದುವೆಯ ಪ್ರಾಯಕ್ಕೆ ಬಂದಿದೆ, ಅದರ ಬಾಕಿಯನ್ನು ಮನೆಯವರು ತೀರಿಸಬೇಕು. ಬೆಳೆಯುವ, ಬಯಸುವ ಈ ಕುಲೆಯನ್ನು ವೇದಾಂತದ ನಿರ್ವಿಕಾರ ಆತ್ಮವೆನ್ನಲಾಗದು. ಮಿದುಳಿನ ಲೆಕ್ಕಕ್ಕಂತೂ ಅದು ಸಿಕ್ಕುವುದೇ ಇಲ್ಲ. ಅದು ಇರುವುದು ಬದುಕಿರುವವರೊಡನೆ ಅದಕ್ಕಿರುವ ಋಣದಲ್ಲಿ.

‘ಅಳಿದ ಮೇಲೆ’ಯನ್ನು ಈ ಬೆಳಕಿನಲ್ಲಿ ಓದಿದರೆ ಅದರ ಹೊಸತನ ತಿಳಿಯುತ್ತದೆ. ರೈಲಿನಲ್ಲಿ ಪರಿಚಿತರಾದ ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ಅವರು ಬಿಟ್ಟುಹೋದ ಹಣವನ್ನೂ ಬರಹಗಳನ್ನೂ ಹಿಡಿದು ನಿರೂಪಕ ಅವರ ಸಂಬಂಧಿಗಳನ್ನು ಅರಸುತ್ತ ಹೋಗುತ್ತಾನೆ. ಪ್ರೇತವಿಲ್ಲ, ಪರಲೋಕವಿಲ್ಲ. ಆದರೂ ಅವನು ಮಾಡುವುದು ಕುಲೆಗೆ ಬಡಿಸುವವರ ಕೆಲಸವನ್ನೇ: ಸತ್ತವನ ಬಾಕಿಯನ್ನು ತೀರಿಸುವುದು. ನಂಬಿಕೆಯನ್ನು ಕಳಚಿ, ಅದರೊಳಗಿನ ಹೊಣೆಯನ್ನು ಕಾರಂತರು ಉಳಿಸಿಕೊಂಡಿದ್ದಾರೆ. ಸತ್ತವನ ಪ್ರಜ್ಞೆ ಹತ್ತಾರು ಜನರ ನೆನಪಿನಲ್ಲಿ, ಒಂದಕ್ಕೊಂದು ಹೊಂದದ ತುಣುಕುಗಳಾಗಿ ಮಾತ್ರ ಸಿಕ್ಕುತ್ತದೆ. ಕೀರ್ತಿಯಲ್ಲಿ ಮೂಕಜ್ಜಿ ಮುಂದಿದ್ದರೂ, ಪ್ರಜ್ಞೆಯ ವಿಚಾರದಲ್ಲಿ ಹೆಚ್ಚು ಪ್ರಾಮಾಣಿಕವಾದುದು ಈ ಸಣ್ಣದನಿಯ ಕಾದಂಬರಿಯೇ.

ಕಾರಂತರ ವೈಚಾರಿಕತೆ ಸೋಲುವುದು ಬೇರೊಂದು ಕಡೆ. ಮೂಕಜ್ಜಿಗೆ ಸರಿಸಾಟಿಯಾಗಿ ನಿಂತು ವಾದಿಸಬಲ್ಲ ನಂಬಿಕಸ್ಥನೊಬ್ಬ ಕಾದಂಬರಿಯಲ್ಲಿಲ್ಲ; ಕೇಳುವವ ಮೊಮ್ಮಗ, ಹೇಳುವವಳು ಅಜ್ಜಿ. ‘ಚೋಮನ ದುಡಿ’ (1933) ಹೀಗಿರಲಿಲ್ಲ. ಮತಾಂತರಕ್ಕೆಂದು ಹೊರಟ ಚೋಮ ದಾರಿಯಲ್ಲಿ ಪಂಜುರ್ಲಿಯ ಗುಡಿಯನ್ನು ಕಂಡು ಹಿಂದಿರುಗುತ್ತಾನೆ. ದೈವ ಇದ್ದದ್ದು ಗುಡಿಯಲ್ಲೋ ಚೋಮನ ತಲೆಯಲ್ಲೋ ಎಂಬುದನ್ನು ಲೇಖಕರು ಕೇಳಲಿಲ್ಲ. ಅವನು ತಿರುಗಿ ನಡೆದದ್ದನ್ನು ಮಾತ್ರ ಬರೆದರು.